ಎಕರೆಗಟ್ಟಲೆ ಹುಲ್ಲು, ಎರಡು ಹಿಡಿಕೆ: ಜೀರೋ-ಟರ್ನ್ ಮೋವರ್ ಕೊಳ್ಳುವ ಮುನ್ನ

ಅಮೆರಿಕದಲ್ಲಿ ನಗರದಂಚಿಗೆ ಹೋಗಿ ದೊಡ್ಡ ಜಾಗದ ಮನೆ ಕೊಂಡ ಕನ್ನಡಿಗರಿಗೆ ಮೊದಲ ಬೇಸಿಗೆಯಲ್ಲೇ ತಿಳಿಯುವ ಸಂಗತಿಯೊಂದಿದೆ. ಮನೆ ಸಾಲದ ಕಂತು ತಿಂಗಳಿಗೊಮ್ಮೆ, ಹುಲ್ಲಿನ ಕಂತು ವಾರಕ್ಕೊಮ್ಮೆ. ಒಹಾಯೊ, ಪೆನ್ಸಿಲ್ವೇನಿಯಾ, ಉತ್ತರ ಕೆರೊಲಿನಾದ ಕಡೆ ಎರಡು ಎಕರೆಯ ಮನೆ ಅಪರೂಪವಲ್ಲ. ಊರಿನ ಲೆಕ್ಕದಲ್ಲಿ ಎಂಬತ್ತು ಗುಂಟೆ. ನಮ್ಮ ಕಡೆಯಾಗಿದ್ದರೆ ಅಷ್ಟರಲ್ಲಿ ಅಡಿಕೆಯನ್ನೋ ತೆಂಗನ್ನೋ ನೆಟ್ಟು ಫಸಲು ಎಣಿಸುತ್ತಿದ್ದೆವು. ಇಲ್ಲಿ ಬೆಳೆಯುವುದು ಹುಲ್ಲು, ಕತ್ತರಿಸುವುದು ಹುಲ್ಲು, ಕತ್ತರಿಸಿದ ಮೇಲೆ ಅಲ್ಲಿಯೇ ಬಿಡುವುದೂ ಅದೇ ಹುಲ್ಲು. ಬೆಳೆಯಲು ಬಿಟ್ಟರೆ ಕೆಲವು ಊರುಗಳಲ್ಲಿ ಪುರಸಭೆಯಿಂದ ನೋಟಿಸೇ ಬರುತ್ತದೆ.

21 ಇಂಚು ಅಗಲಕ್ಕೆ ಹುಲ್ಲು ಕತ್ತರಿಸುವ, ಕೈಯಿಂದ ನೂಕುವ ಮೋವರ್ ಹಿಡಿದು ಎರಡು ಎಕರೆ ನಡೆದರೆ ಹೆಚ್ಚುಕಡಿಮೆ ನಾಲ್ಕು ಗಂಟೆ ಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ ಹುಲ್ಲು ಹುಚ್ಚೆದ್ದು ಬೆಳೆಯುವಾಗ ಪ್ರತಿ ಶನಿವಾರ ಅರ್ಧ ದಿನ ಅದಕ್ಕೇ ಹೋಗುತ್ತದೆ. ಹಾಗಾಗಿ ಎಲ್ಲರೂ ಒಂದಲ್ಲ ಒಂದು ದಿನ ಮೋವರ್ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅಲ್ಲಿ ಕೆಂಪು, ಹಳದಿ, ಹಸಿರು, ಕಿತ್ತಳೆ ಬಣ್ಣದ, ಕೂತು ಓಡಿಸುವ, ನಿಂತಲ್ಲೇ ತಿರುಗಬಲ್ಲ ಜೀರೋ-ಟರ್ನ್ ಯಂತ್ರಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ಮೇಲೂ ಮೂರು ಸಂಖ್ಯೆಗಳು ದೊಡ್ಡದಾಗಿ ಕಾಣುತ್ತವೆ: ಎಂಜಿನ್‌ನ ಅಶ್ವಶಕ್ತಿ, ಡೆಕ್‌ನ (ಬ್ಲೇಡುಗಳನ್ನು ಮುಚ್ಚಿರುವ ಕಬ್ಬಿಣದ ಕವಚದ) ಅಗಲ, ಗಂಟೆಗೆ ಎಷ್ಟು ಮೈಲಿ ಓಡುತ್ತದೆ ಎಂಬುದು. ನನ್ನ ಮಟ್ಟಿಗೆ ಹೇಳುವುದಾದರೆ, ಕೊಳ್ಳುವವರಿಗೆ ಅತಿ ಕಡಿಮೆ ತಿಳಿಸುವ ಮೂರು ಸಂಖ್ಯೆಗಳು ಇವೇ. ನಿಮ್ಮ ಜಾಗ ಹೇಗಿದೆ, ಸೀಟಿನ ಕೆಳಗೆ ಏನಿದೆ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬ ಪ್ರಶ್ನೆಗಳಿಗೆ ಆ ಸ್ಟಿಕ್ಕರ್‌ನಲ್ಲಿ ಉತ್ತರವಿರುವುದಿಲ್ಲ.

ಮೊದಲು ಈ ಯಂತ್ರ ನಡೆಯುವ ಬಗೆ ತಿಳಿದುಕೊಳ್ಳೋಣ. ಅದರ ಗುಣವೂ ಅಪಾಯವೂ ಅಲ್ಲಿಯೇ ಇದೆ. ಸಾಮಾನ್ಯ ಲಾನ್ ಟ್ರ್ಯಾಕ್ಟರ್‌ನಲ್ಲಿ ಸ್ಟೀರಿಂಗ್ ಚಕ್ರ ಇರುತ್ತದೆ, ತಿರುಗಿಸಿದರೆ ಮುಂದಿನ ಗಾಲಿಗಳು ತಿರುಗುತ್ತವೆ. ಬಹುತೇಕ ಜೀರೋ-ಟರ್ನ್‌ಗಳಲ್ಲಿ ಸ್ಟೀರಿಂಗ್ ಇಲ್ಲ. ಬದಲಿಗೆ ತೊಡೆಯ ಮೇಲೆ ಬರುವಂತೆ ಎರಡು ಹಿಡಿಕೆಗಳಿವೆ. ಎಡ ಹಿಡಿಕೆ ಹಿಂದಿನ ಎಡಗಾಲಿಗೆ, ಬಲ ಹಿಡಿಕೆ ಹಿಂದಿನ ಬಲಗಾಲಿಗೆ. ಎರಡನ್ನೂ ಸಮವಾಗಿ ಮುಂದೆ ತಳ್ಳಿದರೆ ಯಂತ್ರ ನೇರ ಹೋಗುತ್ತದೆ, ಎರಡನ್ನೂ ಎಳೆದರೆ ಹಿಂದೆ ಬರುತ್ತದೆ. ಒಂದನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ತಳ್ಳಿದರೆ ತಿರುಗುತ್ತದೆ. ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಮಾಡಿದರೆ ನಿಂತಲ್ಲೇ ಸುತ್ತುತ್ತದೆ. ಮರದ ಬುಡದ ಸುತ್ತ ಒಂದೇ ಸಲಕ್ಕೆ ಕತ್ತರಿಸಿಕೊಂಡು ಬರಬಹುದು, ಸಾಲಿನ ಕೊನೆಯಲ್ಲಿ ದೊಡ್ಡ ಸುತ್ತು ಹಾಕದೆ ಪಕ್ಕದ ಸಾಲಿಗೆ ಇಳಿಯಬಹುದು. ಸಮಯ ಉಳಿಯುವುದು ಓಟದ ವೇಗದಿಂದಲ್ಲ, ಮುಖ್ಯವಾಗಿ ಈ ತಿರುವುಗಳಿಂದ.

ಇದರ ಮೂಲ ಅಮೆರಿಕದ ನಡುನಾಡಿನ ಬಯಲು. ಮಿಸ್ಸೌರಿಯ ವಾರೆನ್ಸ್‌ಬರ್ಗ್‌ನಲ್ಲಿ ಮ್ಯಾಕ್ಸ್ ಸ್ವಿಶರ್ ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲೇ ಇದ್ದಲ್ಲೇ ತಿರುಗುವ ಮೂರು ಗಾಲಿಯ ಮೋವರ್ ಮಾಡಿದ್ದರು. 1960ರ ದಶಕದ ಮೊದಲ ವರ್ಷಗಳಲ್ಲಿ ಕಾನ್ಸಾಸ್‌ನ ಜಾನ್ ರೆಗಿಯರ್ ಎರಡು ಹಿಡಿಕೆಯ ಯಂತ್ರ ಕಟ್ಟಿದರು. ಅದರಿಂದ ಹುಟ್ಟಿದ ಹಸ್ಲರ್ ಎಂಬ ಹೆಸರು ಅದೇ ರಾಜ್ಯದ ಹೆಸ್‌ಟನ್ ಊರಿನಿಂದ ಇಂದಿಗೂ ಮಾರುಕಟ್ಟೆಗೆ ಬರುತ್ತಿದೆ. ಕಾನ್ಸಾಸ್ ಎಂದರೆ ಕಣ್ಣು ಹಾಯುವವರೆಗೆ ಚಪ್ಪಟೆ ನೆಲ. ಈ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಈ ಯಂತ್ರದ ನಿಜವಾದ ಶತ್ರು ಇಳಿಜಾರು.

ಮುಂದಿನ ಎರಡು ಗಾಲಿಗಳನ್ನು ನೋಡಿ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಗಾಲಿಗಳಂತೆ ಅವು ಯಾವ ಕಡೆಗೆ ಬೇಕಾದರೂ ತಿರುಗುತ್ತವೆ. ಅವಕ್ಕೆ ಶಕ್ತಿಯೂ ಇಲ್ಲ, ಬ್ರೇಕೂ ಇಲ್ಲ, ದಿಕ್ಕು ಹಿಡಿಯುವ ಸಾಮರ್ಥ್ಯವೂ ಇಲ್ಲ. ಓಡಿಸುವುದು, ತಿರುಗಿಸುವುದು, ನಿಲ್ಲಿಸುವುದು ಮೂರೂ ಹಿಂದಿನ ಎರಡು ಗಾಲಿಗಳ ಕೆಲಸ. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಆ ಗಾಲಿಗಳು ಹಿಡಿತ ತಪ್ಪಿ ಜಾರಿದರೆ ಮೂರೂ ಒಂದೇ ಕ್ಷಣದಲ್ಲಿ ಕೈಬಿಡುತ್ತವೆ. ಹಿಡಿಕೆ ಎಳೆದರೂ ಪ್ರಯೋಜನವಿಲ್ಲ. ಯಂತ್ರ ತನಗೆ ಇಳಿಜಾರು ತೋರಿಸಿದ ದಾರಿಯಲ್ಲಿ ಹೋಗುತ್ತದೆ. ಲಾನ್ ಟ್ರ್ಯಾಕ್ಟರ್ ಜಾರಿದರೂ ಮುಂದಿನ ಗಾಲಿಯಿಂದ ಒಂದಿಷ್ಟು ದಿಕ್ಕನ್ನಾದರೂ ಬದಲಿಸಬಹುದು. ಇಲ್ಲಿ ಅದೂ ಇಲ್ಲ.

ಬಹಳಷ್ಟು ತಯಾರಕರ ಕೈಪಿಡಿಗಳು 15 ಡಿಗ್ರಿಗಿಂತ ಕಡಿದಾದ ಕಡೆ ಹೋಗಬೇಡಿ ಎನ್ನುತ್ತವೆ. ಕೆಲವು ಯಂತ್ರಗಳಿಗೆ 10 ಡಿಗ್ರಿಯೇ ಮಿತಿ. 15 ಡಿಗ್ರಿ ಎಂದರೆ ಹತ್ತು ಅಡಿ ಮುಂದೆ ಹೋದಾಗ ನೆಲ ಸುಮಾರು ಎರಡು ಮುಕ್ಕಾಲು ಅಡಿ ಏರುವುದು. ಕಣ್ಣಳತೆಯನ್ನು ಇಲ್ಲಿ ನಂಬಬಾರದು. ಕೊಲಂಬಸ್ ನಗರದ ಹೊರಗೆ ಮನೆ ಕೊಂಡ ಗೆಳೆಯರೊಬ್ಬರು ತಮ್ಮ ಹಿತ್ತಲನ್ನು ‘ಸ್ವಲ್ಪ ಇಳಿಜಾರು’ ಎಂದಿದ್ದರು. ನಾಲ್ಕಡಿಯ ಹಲಗೆಯೊಂದನ್ನು ನೆಲದ ಮೇಲಿಟ್ಟು, ಅದರ ಮೇಲೆ ಮೊಬೈಲ್ ಇರಿಸಿ, ಮಟ್ಟ ನೋಡುವ ಆ್ಯಪ್ ತೆರೆದೆವು. ಮನೆಯ ಬಳಿ 4 ಡಿಗ್ರಿ, ಮೇಪಲ್ ಮರದ ಹತ್ತಿರ 9, ತೊರೆಗೆ ಇಳಿಯುವ ಕೊನೆಯ ಇಪ್ಪತ್ತು ಅಡಿಯಲ್ಲಿ 19. ಮೊಬೈಲನ್ನು ಅಡ್ಡ ತಿರುಗಿಸಿಯೂ ನೋಡಿದೆವು, ಸಂಖ್ಯೆ ಇಳಿಯಬಹುದೇನೋ ಎಂಬಂತೆ. ಆಮೇಲೆ ಅವರು ಆ ತುಂಡನ್ನು ಕತ್ತರಿಸುವ ಯೋಚನೆಯನ್ನೇ ಬಿಟ್ಟು ಅಲ್ಲಿ ಕಾಡುಹೂವಿನ ಬೀಜ ಎರಚಿದರು. ಅದು ನನ್ನ ಪ್ರಕಾರ ಆ ಮೋವರ್ ಖರೀದಿಯ ಅತ್ಯುತ್ತಮ ನಿರ್ಧಾರ. ಅದಕ್ಕೆ ತಗಲಿದ್ದು ಒಂದು ಪೊಟ್ಟಣ ಬೀಜದ ಬೆಲೆ.

ಜಾಗದ ಬಹುಭಾಗ ಇಳಿಜಾರಾಗಿದ್ದರೆ ಜೀರೋ-ಟರ್ನ್ ಬೇಡವೇ ಬೇಡ. ಒಳ್ಳೆಯ ಲಾನ್ ಟ್ರ್ಯಾಕ್ಟರ್ ತೆಗೆದುಕೊಳ್ಳಿ. ಅದಕ್ಕೂ ಇಳಿಜಾರಿನ ಮಿತಿ ಇದೆ, ಆದರೆ ನಡವಳಿಕೆ ಇದಕ್ಕಿಂತ ಸೌಮ್ಯ. ಮಣ್ಣು ತುಂಬಿದ ಗಾಡಿ ಎಳೆಯಲು, ಚಳಿಗಾಲದಲ್ಲಿ ಹಿಮ ತಳ್ಳಲು ಸಹ ಅದೇ ವಾಸಿ. ಕಬ್ ಕೆಡೆಟ್ ಕಂಪನಿ ಸ್ಟೀರಿಂಗ್ ಇರುವ, ಮುಂದಿನ ಗಾಲಿಗಳೂ ದಿಕ್ಕು ಹಿಡಿಯುವ ಜೀರೋ-ಟರ್ನ್ ಮಾಡುತ್ತದೆ. ಏರಿಳಿತದ ಜಾಗವಿದ್ದು ಆಸೆ ಬಿಡಲಾಗದವರು ಅದನ್ನು ಓಡಿಸಿ ನೋಡಬಹುದು.

ಇಳಿಜಾರಿಗಿಂತಲೂ ಕೆಟ್ಟದ್ದು ಅಂಚು: ಕೆರೆಯ ದಡ, ತೊರೆಯ ದಂಡೆ, ಮಣ್ಣು ತಡೆಯಲು ಕಟ್ಟಿದ ಗೋಡೆಯ ತಲೆ. ಯಂತ್ರದ ಎರಡು ಅಗಲದಷ್ಟು ಜಾಗ ಬಿಟ್ಟು, ಉಳಿದದ್ದನ್ನು ಕೈಯಲ್ಲಿ ಹಿಡಿಯುವ ಟ್ರಿಮ್ಮರ್‌ನಿಂದ ಕತ್ತರಿಸುವುದು ಸರಿ. ದೊಡ್ಡ ಯಂತ್ರಗಳಲ್ಲಿ ಸೀಟಿನ ಹಿಂದೆ ಕಬ್ಬಿಣದ ಕಮಾನು ಇರುತ್ತದೆ, ಮಗುಚಿದರೆ ಚಾಲಕನನ್ನು ಕಾಯಲು. ಕಮಾನು ಎತ್ತಿದ್ದಾಗ ಸೀಟ್ ಬೆಲ್ಟ್ ಹಾಕಲೇಬೇಕು. ಮರದ ಕೊಂಬೆಗಾಗಿ ಅದನ್ನು ಮಡಿಸಿದಾಗ ಬೆಲ್ಟ್ ಹಾಕಬಾರದು, ಏಕೆಂದರೆ ಆಗ ಮಗುಚಿದ ಯಂತ್ರದ ಅಡಿಯಲ್ಲಿ ಬೆಲ್ಟ್ ನಿಮ್ಮನ್ನು ಕಟ್ಟಿಹಾಕುತ್ತದೆ. ಇನ್ನು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓಡಿಸುವ ಫೋಟೊಗಳು ಹಬ್ಬದ ಶುಭಾಶಯದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುತ್ತವೆ. ಬ್ಲೇಡಿನ ತುದಿ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ತಿರುಗುವ ಯಂತ್ರವದು. ಇಷ್ಟು ಹೇಳಿದರೆ ಸಾಕು.

ಈಗ ಅಗಲದ ಮಾತು. ಮನೆಬಳಕೆಯ ಡೆಕ್‌ಗಳು ಸಾಮಾನ್ಯವಾಗಿ 42ರಿಂದ 60 ಇಂಚು ಇರುತ್ತವೆ. ಎಷ್ಟು ಬೇಗ ಮುಗಿಯುತ್ತದೆ ಎಂಬುದಕ್ಕೆ ಒಂದು ಸುಲಭ ಲೆಕ್ಕವಿದೆ. ಗಂಟೆಗೆ ಎಷ್ಟು ಮೈಲಿ ಎಂಬುದನ್ನು ಡೆಕ್‌ನ ಇಂಚಿನಿಂದ ಗುಣಿಸಿ, 99ರಿಂದ ಭಾಗಿಸಿ. ಬಂದದ್ದು ಗಂಟೆಗೆ ಎಕರೆ. ಸಾಲು ಸಾಲಿನ ಮೇಲೆ ಹತ್ತುವುದು, ತಿರುಗುವುದು ಎಲ್ಲ ಸೇರಿ ಐದರಲ್ಲೊಂದು ಪಾಲು ಕಳೆಯಿರಿ. ಸ್ಟಿಕ್ಕರ್ ಮೇಲೆ 8 ಮೈಲಿ ಎಂದಿದ್ದರೂ ಹುಲ್ಲು ಚೆನ್ನಾಗಿ ಕತ್ತರಿಸುವ ವೇಗ ಬಹುತೇಕ ಮನೆಗಳಲ್ಲಿ 5ರ ಆಸುಪಾಸು. ಅದಕ್ಕಿಂತ ಜೋರಾಗಿ ಹೋದರೆ ಬ್ಲೇಡು ಹುಲ್ಲನ್ನು ಕತ್ತರಿಸುವ ಮೊದಲೇ ಡೆಕ್ ದಾಟಿಹೋಗಿರುತ್ತದೆ, ಬೆನ್ನೂ ನೋಯುತ್ತದೆ.

ಎರಡು ಎಕರೆಯ ಜಾಗದಲ್ಲಿ ಮನೆ, ಡ್ರೈವ್‌ವೇ, ಮರದ ಗುಂಪು ಕಳೆದು ಒಂದೂವರೆ ಎಕರೆ ಹುಲ್ಲು ಎಂದಿಟ್ಟುಕೊಳ್ಳಿ. ಐದು ಮೈಲಿ ವೇಗದಲ್ಲಿ 42 ಇಂಚಿನ ಡೆಕ್‌ಗೆ ಸುಮಾರು 53 ನಿಮಿಷ, 54 ಇಂಚಿಗೆ 41, 60 ಇಂಚಿಗೆ 37. ನಾಲ್ಕು ನಿಮಿಷ ಉಳಿಸಲು 60 ಇಂಚಿನ ಯಂತ್ರಕ್ಕೆ ನೂರಾರು ಡಾಲರ್ ಹೆಚ್ಚಿಗೆ ಕೊಡಬೇಕೇ ಎಂಬುದು ನಿಮಗೆ ಬಿಟ್ಟದ್ದು. ಅಗಲದ ಡೆಕ್‌ಗೆ ಇನ್ನೊಂದು ತೊಂದರೆಯೂ ಇದೆ. ನೆಲ ಉಬ್ಬುತಗ್ಗಾಗಿದ್ದರೆ ಅದು ಒಂದು ಕಡೆ ತೇಲಿ, ಇನ್ನೊಂದು ಕಡೆ ಉಬ್ಬನ್ನು ಮಣ್ಣಿನವರೆಗೆ ಬೋಳಿಸುತ್ತದೆ. ಡೆಕ್‌ನ ಅಂಚಿನ ಚಿಕ್ಕ ಚಕ್ರಗಳು ಇದನ್ನು ತಡೆಯಲೆಂದೇ ಇವೆ, ಪೂರ್ತಿ ತಡೆಯಲಾರವು.

ಹಿತ್ತಲಿನ ಬೇಲಿಯ ಗೇಟನ್ನು ಅಳೆಯಲು ಮರೆಯಬೇಡಿ. 48 ಇಂಚಿನ ಗೇಟಿನಲ್ಲಿ 48 ಇಂಚಿನ ಮೋವರ್ ಹೋಗುವುದಿಲ್ಲ. ಆ ಸಂಖ್ಯೆ ಕತ್ತರಿಸುವ ಅಗಲದ್ದು. ಡೆಕ್‌ನ ಕಬ್ಬಿಣ, ಅದರ ಪಕ್ಕ ಹುಲ್ಲು ಹೊರಹಾಕುವ ಬಾಯಿಯ ಮುಚ್ಚಳ ಸೇರಿದರೆ ಒಟ್ಟು ಅಗಲ ಇನ್ನೂ ಸುಮಾರು ಒಂದು ಅಡಿ ಹೆಚ್ಚಾಗುತ್ತದೆ. ಮುಚ್ಚಳವನ್ನು ಗೇಟು ದಾಟುವಾಗ ಮೇಲೆತ್ತಬಹುದು, ಕಿತ್ತು ಎಸೆಯಬಾರದು. ಕಲ್ಲು ಹಾರಿ ಯಾರಿಗೋ ತಗಲದಂತೆ ತಡೆಯುವುದು ಅದೊಂದೇ.

ಇನ್ನು ಸೀಟಿನ ಕೆಳಗೆ ಇಣುಕೋಣ. ಮಾರಾಟಗಾರ ಎಂಜಿನ್ ತೋರಿಸುತ್ತಾನೆ, ನೀವು ಟ್ರಾನ್ಸ್‌ಆ್ಯಕ್ಸಲ್ ಯಾವುದು ಎಂದು ಕೇಳಿ. ಎಂಜಿನ್‌ನಿಂದ ಬೆಲ್ಟ್ ಮೂಲಕ ಬರುವ ಶಕ್ತಿ ನೇರವಾಗಿ ಗಾಲಿಗೆ ಹೋಗುವುದಿಲ್ಲ. ಪ್ರತಿ ಹಿಂದಿನ ಗಾಲಿಗೂ ಎಣ್ಣೆಯ ಒತ್ತಡದಿಂದ ನಡೆಯುವ ಒಂದು ಹೈಡ್ರೋಸ್ಟ್ಯಾಟಿಕ್ ಘಟಕ ಇರುತ್ತದೆ, ಅದೇ ಟ್ರಾನ್ಸ್‌ಆ್ಯಕ್ಸಲ್. ಅದರೊಳಗೆ ಒಂದು ಪಂಪು ಎಣ್ಣೆಯನ್ನು ಒತ್ತಡದಿಂದ ತಳ್ಳುತ್ತದೆ, ಆ ಎಣ್ಣೆ ಒಂದು ಮೋಟರನ್ನು ತಿರುಗಿಸುತ್ತದೆ, ಮೋಟರು ಗಾಲಿಯನ್ನು. ಹಿಡಿಕೆ ತಳ್ಳಿದಾಗ ನೀವು ಬದಲಿಸುವುದು ಪಂಪು ಎಷ್ಟು ಎಣ್ಣೆಯನ್ನು ಯಾವ ದಿಕ್ಕಿಗೆ ಕಳುಹಿಸಬೇಕು ಎಂಬುದನ್ನು. ಗೇರಿಲ್ಲ, ಕ್ಲಚ್ಚಿಲ್ಲ, ಅಷ್ಟು ನಯವಾದ ವ್ಯವಸ್ಥೆ. ಅದನ್ನು ಕೊಲ್ಲುವುದು ಬಿಸಿ. ಏರು ಹತ್ತುವಾಗ, ಭಾರ ಹೆಚ್ಚಾದಾಗ ಎಣ್ಣೆ ಕಾದು ತೆಳುವಾಗುತ್ತದೆ, ಒಳಗಿನ ಸಂದುಗಳಲ್ಲಿ ಸೋರತೊಡಗುತ್ತದೆ, ಒತ್ತಡ ಇಳಿಯುತ್ತದೆ, ಗಾಲಿ ದುರ್ಬಲವಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಒಳಗಿನ ಲೋಹದ ಮೈ ಸವೆದು ಯಂತ್ರ ಏರಿನಲ್ಲಿ ನಿಂತೇಬಿಡುತ್ತದೆ. ಎರಡೂ ಘಟಕಗಳನ್ನು ಬದಲಿಸಲು ಹೊರಟರೆ ಬಿಲ್ಲು ನೋಡಿದವರು ಹೊಸ ಮೋವರ್ ಕಡೆಗೇ ತಿರುಗುತ್ತಾರೆ.

ಮೇಲಿನ ಬಣ್ಣ ಏನೇ ಇರಲಿ, ಇಲ್ಲಿನ ಬಹಳಷ್ಟು ಯಂತ್ರಗಳ ಒಳಗಿರುವುದು ಇಲಿನಾಯ್‌ನ ಸಲಿವನ್ ಎಂಬ ಪುಟ್ಟ ಊರಿನ ಹೈಡ್ರೊ-ಗಿಯರ್ ಕಂಪನಿಯ ಘಟಕವೇ. ಅದಕ್ಕೆ ಸಂಖ್ಯೆಗಳಿವೆ: 2200, 2800, 3100, 3400, 4400, 5400. ಸಂಖ್ಯೆ ಏರಿದಂತೆ ತಾಳಿಕೆ ಏರುತ್ತದೆ. ಕೆಳಗಿನ 2200ಕ್ಕೆ ಹೊರಗಿನಿಂದ ಬದಲಿಸುವ ಫಿಲ್ಟರ್ ಇಲ್ಲ. ಒಳಗಿನ ಎಣ್ಣೆ ಎಷ್ಟು ಕಾಲ ಬಾಳುತ್ತದೋ ಅಷ್ಟು ಎಂಬ ಲೆಕ್ಕದಲ್ಲಿ ಮಾಡಿದ್ದು. 3100 ಮತ್ತು ಅದರ ಮೇಲಿನವುಗಳಲ್ಲಿ ಫಿಲ್ಟರ್ ಹೊರಗೇ ಇದೆ. ಮೊದಲ 75ರಿಂದ 100 ಗಂಟೆಯ ಓಟದ ನಂತರ ಒಮ್ಮೆ, ಅಲ್ಲಿಂದ 400 ಗಂಟೆಗೊಮ್ಮೆ ಎಣ್ಣೆ, ಫಿಲ್ಟರ್ ಬದಲಿಸುತ್ತಿದ್ದರೆ ಅವು ಮನೆಬಳಕೆಯಲ್ಲಿ ಬಹುಕಾಲ ಬಾಳುತ್ತವೆ.

ಹಾಗೆಂದು ಎಲ್ಲರಿಗೂ ದೊಡ್ಡದೇ ಬೇಕೆಂದಿಲ್ಲ. ಚಪ್ಪಟೆಯಾದ ಒಂದು ಎಕರೆ, ವಾರಕ್ಕೆ ಮುಕ್ಕಾಲು ಗಂಟೆಯ ಕೆಲಸ, ಓಡಿಸುವವರು ಹಗುರವಾಗಿದ್ದಾರೆ ಎಂದಾದರೆ 2200 ಸಾಕಾಗುತ್ತದೆ. ಎರಡು ಎಕರೆ ದಾಟಿದರೆ, ನೆಲ ಅಲೆಅಲೆಯಾಗಿದ್ದರೆ, ಹಿಂದೆ ಹುಲ್ಲು ತುಂಬುವ ಚೀಲ ಕಟ್ಟುವ ಇರಾದೆಯಿದ್ದರೆ 3100ರಿಂದ ಶುರುಮಾಡಿ. ಒಂದೇ ಕಂಪನಿ, ಒಂದೇ ಎಂಜಿನ್, ಒಂದೇ ಅಗಲ, ಆದರೆ ಸಾವಿರ ಡಾಲರ್ ಬೆಲೆ ವ್ಯತ್ಯಾಸ ಕಂಡರೆ ತಲೆ ಕೆರೆದುಕೊಳ್ಳಬೇಡಿ. ಬಗ್ಗಿ ಹಿಂದಿನ ಗಾಲಿಯ ಒಳಬದಿಗೆ ನೋಡಿ, ವ್ಯತ್ಯಾಸ ಬಹುಮಟ್ಟಿಗೆ ಅಲ್ಲೇ ಕೂತಿರುತ್ತದೆ.

ಡೆಕ್ ಎರಡು ಬಗೆ. ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದು ಒಂದು, ದಪ್ಪ ಫಲಕಗಳನ್ನು ಬೆಸುಗೆ ಹಾಕಿ ಕಟ್ಟಿದ್ದು ಇನ್ನೊಂದು. ತಗಡಿನ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ, ಮತ್ತು ಈ ಲೆಕ್ಕ ತಲೆಕೆಳಗು: ಸಂಖ್ಯೆ ಚಿಕ್ಕದಾದಷ್ಟೂ ತಗಡು ದಪ್ಪ. 13 ಗೇಜ್ ಎಂದರೆ ಸುಮಾರು 2.3 ಮಿಲಿಮೀಟರ್, 10 ಗೇಜ್ 3.4, 7 ಗೇಜ್ ನಾಲ್ಕೂವರೆ. ಒತ್ತಿ ಮಾಡಿದ ಡೆಕ್ ಎಂದರೆ ಕಳಪೆ ಎಂಬ ಮಾತು ಮಾರಾಟಗಾರರಲ್ಲಿ ಸಾಮಾನ್ಯ, ನಾನು ಒಪ್ಪುವುದಿಲ್ಲ. ಅದರ ದುಂಡನೆಯ ಒಳಮೈಯಲ್ಲಿ ಗಾಳಿ ಚೆನ್ನಾಗಿ ಸುತ್ತಿ ಹುಲ್ಲನ್ನು ನೆಟ್ಟಗೆ ಎತ್ತುತ್ತದೆ, ಕತ್ತರಿಕೆ ಅಚ್ಚುಕಟ್ಟಾಗಿರುತ್ತದೆ. ಬೇರು, ಕಲ್ಲು, ಮರದ ಬೊಡ್ಡೆ ಇರುವ ಜಾಗಕ್ಕೆ ಮಾತ್ರ ಬೆಸುಗೆಯ ಡೆಕ್ಕೇ ಬೇಕು. ಅಂಥ ಕಡೆ ತಗಡಿನ ದಪ್ಪಕ್ಕಿಂತ ಬ್ಲೇಡನ್ನು ಹಿಡಿದಿರುವ ಸ್ಪಿಂಡಲ್ ಮುಖ್ಯ. ಅದರ ಕವಚ ಎರಕದ ಕಬ್ಬಿಣದ್ದೇ, ಅಲ್ಯೂಮಿನಿಯಮ್ಮೇ ಎಂದು ಕೇಳಿ. ಬೊಡ್ಡೆಗೆ ಬಡಿದಾಗ ಮೊದಲು ಬಿರುಕು ಬಿಡುವುದು ಎರಡನೆಯದು. ಗ್ರೀಸ್ ತುಂಬಲು ಮೂತಿ ಇದೆಯೇ ಎಂಬುದನ್ನೂ ನೋಡಿ.

ಎಂಜಿನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕವಾಸಾಕಿ, ಕೋಲರ್, ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಮೂರೂ ಬಾಳುವಂಥವು. ಕವಾಸಾಕಿಯಲ್ಲಿ ಎಫ್ಆರ್ ಸರಣಿ ಮನೆಗೆ, ಎಫ್ಎಕ್ಸ್ ಹುಲ್ಲು ಕತ್ತರಿಸುವುದನ್ನೇ ವೃತ್ತಿ ಮಾಡಿಕೊಂಡವರಿಗೆ, ಎಫ್ಎಸ್ ಇವೆರಡರ ನಡುವೆ. 54 ಇಂಚಿನ ಡೆಕ್‌ಗೆ 22-24 ಅಶ್ವಶಕ್ತಿ ಧಾರಾಳ. ಕಾಲಕಾಲಕ್ಕೆ ಎಂಜಿನ್ ಎಣ್ಣೆ ಬದಲಿಸಿದರೆ, ಶೇ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲ್ ಹಾಕದಿದ್ದರೆ, ಚಳಿಗಾಲದಲ್ಲಿ ಹಳೆಯ ಪೆಟ್ರೋಲ್ ಟ್ಯಾಂಕಿನಲ್ಲಿ ಕೊಳೆಯಲು ಬಿಡದಿದ್ದರೆ ಎಂಜಿನ್ ತನ್ನ ಪಾಡಿಗೆ ತಾನು ಓಡುತ್ತದೆ.

ಬ್ಯಾಟರಿಯವು ಈಗ ಆಟಿಕೆಗಳಲ್ಲ. ಈಗೊ, ರಿಯೋಬಿ, ಗ್ರೀನ್‌ವರ್ಕ್ಸ್‌ನಂಥ ಯಂತ್ರಗಳು ಒಂದೆರಡು ಎಕರೆಯ ಸಮತಟ್ಟಾದ ಜಾಗವನ್ನು ಸದ್ದಿಲ್ಲದೆ ಮುಗಿಸುತ್ತವೆ. ಬೆಲ್ಟ್, ಎಣ್ಣೆಯ ರಗಳೆ ಕಡಿಮೆ. ಆದರೆ ಎತ್ತರದ, ದಟ್ಟ ಹುಲ್ಲಿನಲ್ಲಿ ಚಾರ್ಜು ಕಂಪನಿ ಹೇಳಿದಷ್ಟು ಬರುವುದಿಲ್ಲ. ಕೆಲವು ವರ್ಷಗಳ ನಂತರ ಬದಲಿಸಬೇಕಾಗುವ ಬ್ಯಾಟರಿಯ ಬೆಲೆಯನ್ನು ಇಂದೇ ಕೇಳಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಈ ದಾರಿ ಹೆಚ್ಚುಕಡಿಮೆ ಅನಿವಾರ್ಯ. 2021ರಲ್ಲಿ ಸಹಿಯಾದ ಕಾಯ್ದೆಯನ್ನು ಅನುಸರಿಸಿ ಬಂದ ನಿಯಮ, 2024ರ ಮಾದರಿಗಳಿಂದ ಮುಂದಕ್ಕೆ ಇಂಥ ಹೊಸ ಚಿಕ್ಕ ಪೆಟ್ರೋಲ್ ಎಂಜಿನ್‌ಗಳು ಹೊಗೆಯುಗುಳುವಂತಿಲ್ಲ ಎನ್ನುತ್ತದೆ.

ಬೆಲೆ? ದೊಡ್ಡ ಅಂಗಡಿಗಳಲ್ಲಿ ಆರಂಭದ ಯಂತ್ರಗಳು ಮೂರರಿಂದ ನಾಲ್ಕು ಸಾವಿರ ಡಾಲರಿನ ಆಸುಪಾಸಿನಲ್ಲಿ ಸಿಗುತ್ತವೆ. ಗಟ್ಟಿಮುಟ್ಟಾದ ಮನೆಬಳಕೆಯವು ಐದರಿಂದ ಏಳು ಸಾವಿರ. ವೃತ್ತಿಪರರ ಯಂತ್ರ ಹತ್ತು ಸಾವಿರ ದಾಟುತ್ತದೆ. ಎರಡೆಕರೆಯ ಮನೆಗೆ ಈ ಕೊನೆಯದು ಬೇಕಿಲ್ಲ. ಅದರ ತೂಕವೇ ಸಾವಿರ ಪೌಂಡಿನ ಮೇಲೆ, ಒದ್ದೆ ನೆಲದಲ್ಲಿ ಗಾಲಿಯ ಗುರುತು ಬಿಡುತ್ತದೆ.

ಎಲ್ಲಿ ಕೊಳ್ಳುವುದು ಎಂಬುದರಲ್ಲಿ ನನಗೆ ಪಕ್ಷಪಾತವಿದೆ. ರಿಪೇರಿಯನ್ನೂ ಮಾಡುವ ಊರಿನ ಡೀಲರ್ ಇದ್ದರೆ, ಇನ್ನೂರು ಮುನ್ನೂರು ಡಾಲರ್ ಹೆಚ್ಚಾದರೂ ಅಲ್ಲೇ ಕೊಳ್ಳಿ. ಮೇ ತಿಂಗಳಲ್ಲಿ ಎಲ್ಲರ ಬೆಲ್ಟೂ ಒಟ್ಟಿಗೇ ಹರಿಯುತ್ತದೆ. ಆಗ ಡೀಲರು ಮೊದಲು ನೋಡುವುದು ತನ್ನಲ್ಲಿ ಕೊಂಡವರ ಯಂತ್ರವನ್ನು. ಉಳಿದವರದ್ದು ಸಾಲಿನಲ್ಲಿ ಎರಡು ಮೂರು ವಾರ ಕಾಯುತ್ತದೆ, ಅಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ. ವಾರಂಟಿಯಲ್ಲಿ ವರ್ಷದ ಜೊತೆಗೆ ಗಂಟೆಯ ಮಿತಿಯೂ ಇರುತ್ತದೆ, ಯಾವುದು ಮೊದಲೋ ಅದು. ನಿಮ್ಮ ಜಾಗದಲ್ಲೇ ಓಡಿಸಿ ತೋರಿಸಲು ಯಂತ್ರವನ್ನು ಟ್ರೇಲರ್‌ನಲ್ಲಿ ತರುವ ಡೀಲರುಗಳಿದ್ದಾರೆ, ಸಂಕೋಚವಿಲ್ಲದೆ ಕೇಳಿ.

ಓಡಿಸುವುದು ಒಂದು ಮಧ್ಯಾಹ್ನದಲ್ಲಿ ಕೈಗೆ ಕೂರುತ್ತದೆ. ನಿಂತಲ್ಲೇ ಸುತ್ತುವ ಚಮತ್ಕಾರವನ್ನು ಮಾತ್ರ ಹುಲ್ಲಿನ ಮೇಲೆ ತೋರಿಸಬೇಡಿ. ಒಂದು ಗಾಲಿ ನಿಂತು ಇನ್ನೊಂದು ಸುತ್ತಿದರೆ ನಿಂತ ಗಾಲಿಯಡಿಯ ಹುಲ್ಲು ಬೇರುಸಹಿತ ತಿರುಚಿಕೊಂಡು ಬೋಳು ವೃತ್ತ ಬೀಳುತ್ತದೆ. ತುಸು ಮುಂದೆ, ತುಸು ಹಿಂದೆ ಮಾಡುತ್ತ, ಎರಡೂ ಗಾಲಿ ಉರುಳುತ್ತಿರುವಂತೆಯೇ ತಿರುಗಿಸಬೇಕು.

ಹಳೆಯದನ್ನು ಕೊಳ್ಳುವುದು ಕೆಟ್ಟ ಯೋಚನೆಯೇನಲ್ಲ. ಎರಡೆಕರೆಯ ಮನೆಯವರು ವರ್ಷಕ್ಕೆ ಓಡಿಸುವುದು ಮೂವತ್ತು ಗಂಟೆಯಷ್ಟು. ಹಾಗಾಗಿ ಐದು ವರ್ಷದ ಯಂತ್ರದ ಗಂಟೆ ಮೀಟರ್ 150ರ ಸುತ್ತ ತೋರಿಸಿದರೆ ನಂಬಬಹುದು, ಸಾವಿರ ತೋರಿಸಿದರೆ ಅದು ಬಾಡಿಗೆಗೆ ದುಡಿದದ್ದು. ಡೆಕ್‌ನ ಅಡಿಗೆ ಟಾರ್ಚ್ ಬಿಟ್ಟು ತುಕ್ಕು, ಬಿರುಕು ನೋಡಿ. ಎಂಜಿನ್ ನಿಲ್ಲಿಸಿ, ಕೀ ತೆಗೆದು ನಿಮ್ಮ ಬಳಿ ಇಟ್ಟುಕೊಂಡು, ದಪ್ಪ ಕೈಗವಸು ಹಾಕಿ ಬ್ಲೇಡನ್ನು ಅಲ್ಲಾಡಿಸಿ. ಸ್ಪಿಂಡಲ್ ಲಟಲಟ ಎಂದರೆ ಬೇರಿಂಗ್ ಸವೆದಿದೆ. ಮಾರುವವರು ನೀವು ಬರುವ ಮೊದಲೇ ಎಂಜಿನ್ ಶುರುಮಾಡಿ ಎರಡು ಸುತ್ತು ಹೊಡೆದು ತೋರಿಸಿ ಮುಗಿಸಲು ನೋಡುತ್ತಾರೆ. ಅಷ್ಟಕ್ಕೆ ಒಪ್ಪಬೇಡಿ. ತಣ್ಣಗಿರುವಾಗ ಸವೆದ ಟ್ರಾನ್ಸ್‌ಆ್ಯಕ್ಸಲ್ ಕೂಡ ಚುರುಕಾಗಿಯೇ ನಡೆಯುತ್ತದೆ. ಅವರ ಹುಲ್ಲನ್ನೇ ಅರ್ಧ ಗಂಟೆ ಕತ್ತರಿಸಿಕೊಡುತ್ತೇನೆ ಎನ್ನಿ, ಯಾರೂ ಬೇಡವೆನ್ನುವುದಿಲ್ಲ. ಎಣ್ಣೆ ಚೆನ್ನಾಗಿ ಕಾದ ಮೇಲೆ ಸಣ್ಣದೊಂದು ಏರನ್ನು ನಿಧಾನವಾಗಿ ಹತ್ತಿಸಿ. ಒಂದು ಬದಿ ಹಿಂದುಳಿದು ಯಂತ್ರ ತಾನಾಗಿ ಆ ಕಡೆಗೆ ಎಳೆದರೆ, ಹೇಳಿದ ಬೆಲೆಯಿಂದ ಒಂದು ಘಟಕದ ಖರ್ಚು ಕಳೆದು ಮಾತಾಡಿ. ಎರಡೂ ಬದಿ ಏದುಸಿರು ಬಿಟ್ಟರೆ ಕಾರು ಹತ್ತಿ ಮನೆಗೆ ಬನ್ನಿ.